ಹಿಮದ ಬೆಟ್ಟಕ್ಕೆ ಗಾಡಿ ಮಾಡುವ ಮೊದಲು

ಈ ಸಲ ರಜೆಗೆ ಬದಿಯಡ್ಕದ ಮನೆಗೆ ಬಂದರೆ ಜಗಲಿಯಲ್ಲಿ ಹಿಮದ್ದೇ ಮಾತು. ನೆರೆಮನೆ ಅತ್ತೆಯ ಮಗಳು, ಅಳಿಯ, ಎರಡು ಮಕ್ಕಳು ಸದ್ಯದಲ್ಲೇ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೊರಟಿದ್ದಾರೆ. ಫೆಬ್ರವರಿ ರಜೆಗೆ ಅತ್ತೆ-ಮಾವನನ್ನೂ ಕರೆಸಿಕೊಂಡು ಫ್ರಾನ್ಸಿನ ಶಮೊನಿಗೆ ಸ್ಕೀ ಆಡಲು, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದಲ್ಲಿ ಜಾರಲು, ಹೋಗುವ ಅಂದಾಜು. ಅಂಗಳದಲ್ಲಿ ಚಿಕ್ಕವನು ಅಡಿಕೆ ಹಾಳೆಯ ಮೇಲೆ ಕೂತು, ಅಕ್ಕನ ಕೈಯಲ್ಲಿ ಎಳೆಸಿಕೊಂಡು, ಈಗಲೇ ಅಭ್ಯಾಸ ಶುರು ಮಾಡಿದ್ದ.

"ಮನೆ ಬಾಗಿಲಿಗೇ ಗಾಡಿ ಬರ್ತದಂತಲ್ಲ, ಮತ್ತೇನು ಕಷ್ಟ ಉಂಟು?" ಅಂತ ಅಳಿಯ ಕೇಳಿದರು. ಜಿನೀವಾಕ್ಕೆ ಹೋದ ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಅವರಿಗೆ ಹೇಳಿದ್ದನ್ನೇ ಕಾಸರಗೋಡಿನಿಂದ ಹೊಸದಾಗಿ ಆ ಕಡೆ ಹೋಗುವ ಎಲ್ಲರಿಗೂ ಬರೆಯುತ್ತಿದ್ದೇನೆ.

ಜಿನೀವಾದಿಂದ ಶಮೊನಿಗೆ ದಾರಿ ಖಾಲಿ ಇದ್ದರೆ ಒಂದೂಕಾಲು ಗಂಟೆ. ಬಹುಪಾಲು ಒಳ್ಳೆಯ ಹೆದ್ದಾರಿ. ಸಂಪಾಜೆ ಘಾಟಿಯಲ್ಲಿ ವಾಂತಿ ಮಾಡುವ ಮಕ್ಕಳು ಕೂಡ ಇಲ್ಲಿ ನಿದ್ದೆ ಮಾಡುತ್ತಾರೆ. ಕಷ್ಟ ಇರುವುದು ಅಲ್ಲಲ್ಲ. ಉಳಿದುಕೊಂಡ ಮನೆಯಿಂದ, ಸ್ಕೀ ಆಡುವವರನ್ನು ಬೆಟ್ಟಕ್ಕೆ ಹತ್ತಿಸುವ ಲಿಫ್ಟ್‌ನ ಬಾಗಿಲವರೆಗಿನ ಕೊನೆಯ ಅರ್ಧ ಕಿಲೋಮೀಟರಿನಲ್ಲಿ.

ನಾವು ಮೊದಲ ಸಲ ಹಿಡಿದ ಮನೆಯ ಜಾಹೀರಾತಿನಲ್ಲಿ "ಲಿಫ್ಟ್‌ಗೆ 500 ಮೀಟರ್" ಅಂತಿತ್ತು. ಸುಳ್ಳಲ್ಲ. ಆದರೆ ಅಷ್ಟೂ ಏರು, ಕಾಲಡಿಗೆ ಗಾಜಿನ ಹಾಗೆ ಗಟ್ಟಿಯಾದ ಮಂಜು. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಮೇಲೆ ನಾಲ್ಕು ಬಕಲ್. ಹಾಕಿದ ಮೇಲೆ ಕಣಕಾಲು ಮಡಚಲು ಆಗುವುದಿಲ್ಲ. ಬಣ್ಣದ ವೇಷ ಚೌಕಿಯಿಂದ ಎದ್ದು ಬಂದ ಹಾಗೆ ಧಪ್ ಧಪ್ ಅಂತ ಹೆಜ್ಜೆ ಇಡಬೇಕು. ಒಂದು ಹೆಗಲಲ್ಲಿ ನನ್ನ ಸ್ಕೀ, ಇನ್ನೊಂದರಲ್ಲಿ ಮಗಳದ್ದು, ಅವಳು ದಾರಿ ಮಧ್ಯೆ ಕೂತು ಅಳುತ್ತಿದ್ದಾಳೆ. ಮಂಕಿ ಕ್ಯಾಪ್ ಹಾಕಿದ ಅಪ್ಪ ಹಿಂದಿನಿಂದ, "ಇಷ್ಟು ಹಣ ಕೊಟ್ಟು ಇಲ್ಲಿ ಹೊರೆ ಹೊರಲಿಕ್ಕೆ ಬಂದದ್ದಾ?" ಅಂದರು.

ಅದಕ್ಕೇ ಗಾಡಿ ಮಾಡುವ ಮೊದಲು ಮಕ್ಕಳ ಸ್ಕೀ ಕ್ಲಾಸ್ ಎಲ್ಲಿ ಸೇರುತ್ತದೆ ಅಂತ ಕೇಳಿ. ಶಮೊನಿ ಅಂದರೆ ಒಂದೇ ಬೆಟ್ಟ, ಒಂದೇ ಲಿಫ್ಟ್ ಅಲ್ಲ. ಬ್ರೆವಾಂ ಎಂಬ ಬೆಟ್ಟ ಊರಿನ ನೆತ್ತಿಯ ಮೇಲೇ ಇದೆ. ಫ್ಲೆಜೇರ್‌ಗೆ ಪಕ್ಕದ ಲೆ ಪ್ರಾ ಎಂಬ ಹಳ್ಳಿಯಿಂದ ಹತ್ತಬೇಕು. ಲೆ ಟೂರ್ ಕಣಿವೆಯ ಮೇಲಿನ ತುದಿ, ಊರಿನಿಂದ ಸುಮಾರು 12 ಕಿ.ಮೀ. ಲೆಜ಼ೂಶ್ ಕೆಳಗಿನ ತುದಿ. ಬ್ರೆವಾಂ ಪಕ್ಕ ಮನೆ ಹಿಡಿದು ಮಕ್ಕಳಿಗೆ ಲೆ ಟೂರ್‌ನಲ್ಲಿ ಕ್ಲಾಸ್ ಆದರೆ ದಿನಾ ಬೆಳಿಗ್ಗೆ ಕದನ. ಮೊದಲು ಕ್ಲಾಸ್, ಆಮೇಲೆ ಮನೆ, ಕೊನೆಗೆ ಗಾಡಿ. ನಮ್ಮವರು ಮಾಡುವುದು ಇದರ ಉಲ್ಟಾ.

ಗಾಡಿಯವರ ಹತ್ತಿರ "ಲಿಫ್ಟ್‌ಗೆ ಬಿಡ್ತೀರಾ?" ಅಂದರೆ ಹೌದು ಅಂತಲೇ ಹೇಳುತ್ತಾರೆ. ಯಾವ ಲಿಫ್ಟು, ಪಾರ್ಕಿಂಗ್‌ನಲ್ಲಾ ಟಿಕೆಟ್ ಕೌಂಟರ್ ಎದುರಾ ಅಂತ ಬಿಡಿಸಿ ಕೇಳಿ. ವಾಪಸು ಕರೆದುಕೊಂಡು ಬರುವುದನ್ನೂ ಕೇಳಿ. ಕೆಲವು ಮನೆಗಳವರು ತಮ್ಮದೇ ವ್ಯಾನಿನಲ್ಲಿ ಬೆಳಿಗ್ಗೆ ಬಿಡುತ್ತಾರೆ, ಸಂಜೆ ಕರೆತರುತ್ತಾರೆ, ನಡುವೆ ಇಲ್ಲ. ಚಿಕ್ಕ ಮಕ್ಕಳಿಗೆ ಮಧ್ಯಾಹ್ನಕ್ಕೇ ಸಾಕಾಗುತ್ತದೆ. ಅಜ್ಜಿಗೆ ಅದಕ್ಕಿಂತ ಮೊದಲೇ.

ವ್ಯಾನಿನಲ್ಲಿ ಡ್ರೈವರ್ ಬಿಟ್ಟು ಎಂಟೇ ಜನ. ಮಡಿಲಲ್ಲಿ ಕೂರುವ ಮಗುವಿಗೂ ಒಂದು ಸೀಟು ಲೆಕ್ಕ. ನಮ್ಮೂರಿನ ಸರ್ವೀಸ್ ಜೀಪಿನ ಹಾಗೆ "ಸ್ವಲ್ಪ ಆಚೆ ಸರೀರಿ" ಅಂದರೆ ನಡೆಯುವುದಿಲ್ಲ. ಒಂಬತ್ತು ಜನ ಅಂದರೆ ಎರಡು ಗಾಡಿ, ಅಷ್ಟೇ.

ಮಕ್ಕಳ ಸೀಟಿನ ವಿಷಯದಲ್ಲಿ ನಾನು ಪೆಟ್ಟು ತಿಂದವಳು. ಸ್ವಿಟ್ಜರ್ಲೆಂಡಿನಲ್ಲಿ 12 ವರ್ಷ ಅಥವಾ 150 ಸೆಂ.ಮೀ. ಎತ್ತರ ಆಗುವವರೆಗೆ, ಫ್ರಾನ್ಸಿನಲ್ಲಿ 10 ವರ್ಷದವರೆಗೆ, ಮಕ್ಕಳಿಗೆ ಅವರ ಅಳತೆಯ ಸೀಟು ಬೇಕು. ನಾನು "ಎರಡು ಮಕ್ಕಳು" ಅಂತ ಮಾತ್ರ ಬರೆದಿದ್ದೆ. ಗಾಡಿ ಬಂತು. ಒಳಗೆ ದೊಡ್ಡ ಮಕ್ಕಳಿಗೆ ಹಾಕುವ ಮಣೆಯಂಥ ಬೂಸ್ಟರ್ ಎರಡು. ಚಿಕ್ಕವನಿಗೆ ಆಗ ಎರಡು ವರ್ಷ. ಡ್ರೈವರ್ ತಲೆ ಅಲ್ಲಾಡಿಸಿ ಎಂಜಿನ್ ಆಫ್ ಮಾಡಿದ. ಬೇರೆ ಸೀಟು ಬರುವಾಗ ಒಂದೂವರೆ ಗಂಟೆ ಹೋಯಿತು. ಈಗ ನಾನು ಮಕ್ಕಳ ವಯಸ್ಸು, ತೂಕ, ಎತ್ತರ ಮೂರನ್ನೂ ಬರೆದು ಕಳಿಸಿ, ಉತ್ತರ ಬಂದ ಮೇಲೇ ಹಣ ಕೊಡುತ್ತೇನೆ.

ಸ್ಕೀಗಳನ್ನು ಮನೆಗೆ ತರಲೇಬೇಡಿ. ಲಿಫ್ಟ್ ಬುಡದಲ್ಲಿರುವ ಅಂಗಡಿಯಲ್ಲೇ ಬಾಡಿಗೆಗೆ ತೆಗೆದುಕೊಂಡು, ಲಾಕರ್ ಇದ್ದರೆ ರಾತ್ರಿ ಅಲ್ಲೇ ಬಿಟ್ಟು ಬನ್ನಿ. ಬಾಡಿಗೆ ಸ್ವಲ್ಪ ಜಾಸ್ತಿ ಆದೀತು, ಆಗಲಿ. ಸೊಂಟ ಉಳಿಯುತ್ತದೆ.

ಸ್ವಂತ ಕಾರು ಓಡಿಸುವವರಿಗೆ ಎರಡೇ ಮಾತು. ಫ್ರಾನ್ಸಿನ ಬೆಟ್ಟದ ಊರುಗಳಲ್ಲಿ 2021ರಿಂದ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟಯರ್ ಅಥವಾ ಟಯರಿಗೆ ಕಟ್ಟುವ ಚೈನ್ ಇರಬೇಕೆಂಬ ನಿಯಮ ಇದೆ. ಹಿಮದಲ್ಲಿ ಮೊಣಕಾಲೂರಿ ಚೈನ್ ಕಟ್ಟುವುದು ಮೊದಲ ವರ್ಷದವರ ಕೆಲಸ ಅಲ್ಲ. ಸುಮ್ನೆ ಗಾಡಿ ಮಾಡಿ.

ಶನಿವಾರ ಮಾತ್ರ ಹೊರಡಬೇಡಿ. ಅಲ್ಲಿ ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ. ಬರುವವರು, ಹೋಗುವವರು ಎಲ್ಲ ಅವತ್ತೇ ರಸ್ತೆಯಲ್ಲಿ. ದೇಶ ದಾಟುವುದರಿಂದ ಎಲ್ಲರ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಅಲ್ಲ.

ಇನ್ನು ಫ್ರೆಂಚ್ ಬೋರ್ಡುಗಳು. ಮಲಯಾಳಂ ಬೋರ್ಡಿನ ಬಸ್ಸನ್ನು ಬಣ್ಣ ನೋಡಿ, ಕಂಡಕ್ಟರ್ ಮುಖ ನೋಡಿ ಹತ್ತಿದವರು ನಾವು. ನಮಗೆ ಇದೇನು ಹೊಸತಾ? ಒಂದು ಪದ ಗೊತ್ತಿದ್ದರೆ ಸಾಕು, ನಾವೆಟ್. ಊರಿನೊಳಗೆ ಲಿಫ್ಟ್‌ಗಳಿಗೆ ಸುತ್ತುವ ಬಸ್ಸು. ನಮ್ಮ ನಾವೆ ಅಂತ ನೆನಪಿಟ್ಟುಕೊಳ್ಳಿ. ಶಮೊನಿಯಲ್ಲಿ ಉಳಿದುಕೊಂಡ ಮನೆಯವರು ಕೊಡುವ ಅತಿಥಿ ಕಾರ್ಡನ್ನು ಕೇಳಿ ಪಡೆಯಿರಿ, ಕಣಿವೆಯ ಬಸ್ಸಿಗೂ ರೈಲಿಗೂ ಅದು ನಡೆಯುತ್ತದೆ. ಬೆಳಿಗ್ಗೆ ಹೊರೆ ಇರುವಾಗ ಖಾಸಗಿ ಗಾಡಿ, ಮಧ್ಯಾಹ್ನ ಅಜ್ಜಿ ಮೊಮ್ಮಗ ಮನೆಗೆ ಬರಲು ನಾವೆಟ್. ನಮ್ಮ ಮನೆಯಲ್ಲಿ ಈಗ ಇದೇ ಲೆಕ್ಕ.

ಇಷ್ಟೆಲ್ಲ ಹೇಳಿ ಎದ್ದಾಗ ಅತ್ತೆ ಒಳಗೆ ಕರೆದು ತಮ್ಮ ಬ್ಯಾಗು ತೋರಿಸಿದರು. ಎರಡು ಸ್ವೆಟರ್, ಮಾವಿನಮಿಡಿ ಉಪ್ಪಿನಕಾಯಿ, ಹಪ್ಪಳದ ಕಟ್ಟು. ತಳದಲ್ಲಿ ಕಾಗದ ಸುತ್ತಿದ ಹೊಸ ಹವಾಯಿ ಚಪ್ಪಲಿ.

"ಹಿಮದಲ್ಲಿ ಒದ್ದೆಯಾದರೂ ಬೇಗ ಒಣಗ್ತದೆ ಅಲ್ವಾ?" ಅಂದರು.