ಜಂತ್ರಡಿ ಬಾಯಲ್ಲಿ ಕುರುಡೆ

ಮೀನು ಆರೂವರೆ ಕೆ.ಜಿ. ತಕ್ಕಡಿಯಲ್ಲಿ ತೂಗಿದ್ದು, ಅಂದಾಜಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮ ಕೇರಿಯಲ್ಲಿ ಇಬ್ಬರು ಅದನ್ನು ಇನ್ನೂ ಮೂರು ಕೆ.ಜಿ. ಅಂತಲೇ ಹೇಳಿಕೊಂಡು ತಿರುಗುತ್ತಿದ್ದಾರೆ. ದೋಣಿ ಇಲ್ಲದೆ, ಹೆಂಡತಿ, ಮಗಳು, ಅತ್ತೆ ಮೂವರನ್ನೂ ಕರೆದುಕೊಂಡು, ಅಘನಾಶಿನಿಯ ದಡದಲ್ಲಿ ನಿಂತು ಗಾಳಕ್ಕೆ ಹಿಡಿದ ಕುರುಡೆ ಅದು. ಪೇಟೆಯವರು ಸೀಬಾಸ್ ಅನ್ನುವುದು ಇದನ್ನೇ.

"ಕುರುಡೆ ಬಲೆಯ ಮೀನು ಮಾರಾಯ, ದಡದಲ್ಲಿ ನಿಂತವನಿಗೆ ಏಡಿ ಸಿಕ್ಕರೆ ಪುಣ್ಯ" ಅಂದವರು ಒಬ್ಬಿಬ್ಬರಲ್ಲ. ಹೆಂಗಸರು ಮಕ್ಕಳ ಮಾತು ಕೇಳಿದರೆ ಮೀನು ಹತ್ತಿರ ಸುಳಿಯುವುದಿಲ್ಲ ಅಂತ ಬೇರೆ. ಮೂರು ವರ್ಷ ನಾನೂ ಅದನ್ನೇ ಅರ್ಧ ನಂಬಿದ್ದೆ.

ಮೊದಲನೇ ವರ್ಷ ದುಡ್ಡಿನಿಂದ ಮೀನು ಹಿಡಿಯಲು ಹೊರಟೆ. ಮಡಗಾಂವಿಗೆ ಹೋಗಿ ಗಾಳದ ರಾಡು, ರೀಲು ತಂದೆ, ಎರಡೂ ಸೇರಿ ಏಳೂವರೆ ಸಾವಿರದ ಆಸುಪಾಸು. ಬ್ರೇಡ್ ಅನ್ನುವ ಹೆಣೆದ ದಾರಕ್ಕೆ ಸಾವಿರದ ನಾನೂರು. ಬಣ್ಣದ ಪ್ಲಾಸ್ಟಿಕ್ ಮೀನುಗಳು ಒಂದೊಂದಕ್ಕೆ ಮುನ್ನೂರರ ಮೇಲೆ, ಒಟ್ಟು ಹದಿನೆಂಟು. ಅದರಲ್ಲಿ ಈಗ ಉಳಿದಿರುವುದು ಮೂರು. ಮಿಕ್ಕವು ದಡದ ಕಾಂಡ್ಲಾ (ಮ್ಯಾಂಗ್ರೋವ್) ಬೇರಿನಲ್ಲಿ ನೇತಾಡುತ್ತಿವೆ, ಇಳಿತದ ಹೊತ್ತಿಗೆ ಹೋದರೆ ದೇವರ ಮರಕ್ಕೆ ಹರಕೆ ಕಟ್ಟಿದ ಹಾಗೆ ಕಾಣುತ್ತವೆ. ದೂರ ಎಸೆದಷ್ಟೂ ದೊಡ್ಡ ಮೀನು ಅನ್ನುವ ಭ್ರಮೆ ನನಗೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ರೀಲಿನ ಹಿಡಿ ತಿರುಗಿಸಿದರೆ ಅವಲಕ್ಕಿ ಕುಟ್ಟಿದ ಸದ್ದು. ಉಪ್ಪುನೀರು ತಾಗಿದ್ದನ್ನು ಸಿಹಿನೀರಲ್ಲಿ ತೊಳೆಯದೆ ಇಟ್ಟವನು ನಾನೇ, ಅಂಗಡಿಯವನನ್ನು ಬಯ್ದು ಪ್ರಯೋಜನ ಇರಲಿಲ್ಲ.

ಎರಡನೇ ವರ್ಷ ಗಾಳಕ್ಕೆ ಚುಚ್ಚುವ ಎರೆಯ ಕಡೆ ತಿರುಗಿದೆ. ಪೇಟೆಯ ಶೆಟ್ಲಿ (ಸಿಗಡಿ) ಹಾಕಿದರೆ ಐದು ನಿಮಿಷದಲ್ಲಿ ಏಡಿ ತಿಂದು ಬರಿಗಾಳ ವಾಪಸು. ಶೆಟ್ಲಿಗೆ ಉಪ್ಪು, ಅರಿಶಿನ ಹಾಕಿ ಒಂದು ದಿನ ಇಟ್ಟರೆ ಗಟ್ಟಿಯಾಗುತ್ತದೆ ಅಂತ ಯಾರೋ ಹೇಳಿದರು. ಗಟ್ಟಿಯಾಯಿತು ನಿಜ, ಏಡಿಗೆ ಐದರ ಬದಲು ಹತ್ತು ನಿಮಿಷ ಬೇಕಾಯಿತು, ಅಷ್ಟೇ. ಕೋಳಿಯ ಪಿತ್ತಜನಕಾಂಗವನ್ನು ದಾರ ಸುತ್ತಿ ಹಾಕಿ ನೋಡಿದೆ, ಮೀಸೆ ಮೀನು ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಅದರ ಮುಳ್ಳು ಹೆಬ್ಬೆರಳಿಗೆ ನೆಟ್ಟು ಎರಡು ದಿನ ಕೈ ಬಾತಿತ್ತು. ಕೆಂಪು ದೀಪದ ಪ್ರಯೋಗವನ್ನೂ ಮಾಡಿದೆ. ಸೊಳ್ಳೆ ಬಂದವು.

ಎರೆಗೆ ಜೀವಂತ ಮೀನಿನ ಮರಿ ಬೇಕು ಅನ್ನುವುದು ಗೊತ್ತಿರದ ಸಂಗತಿಯೇನಲ್ಲ. ಕಷ್ಟ ಇದ್ದದ್ದು ಅದನ್ನು ಜೀವಂತ ಇಟ್ಟುಕೊಳ್ಳುವುದರಲ್ಲಿ. ಬೀಸುಬಲೆಯಲ್ಲಿ ಬೆರಳುದ್ದದ ಶೆವಟೆ ಮೀನಿನ ಮರಿ ಹಿಡಿದು ಪೇಂಟಿನ ಬಕೆಟ್ಟಿಗೆ ಹನ್ನೆರಡು ಹಾಕಿದರೆ ಅರ್ಧ ಗಂಟೆಯಲ್ಲಿ ಹನ್ನೊಂದು ಅಂಗಾತ. ಈ ಕೆಲಸ ಸರಿಹೋದದ್ದು ಏಳನೇ ಕ್ಲಾಸಿನ ಮಗಳ ಕೈಗೆ ಹೋದಮೇಲೆ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸೆಲ್ಲಿನ ಯಂತ್ರ ಮುನ್ನೂರೈವತ್ತಕ್ಕೆ ತರಿಸಿದಳು. ಬಕೆಟ್ಟಿಗೆ ಆರೇ ಮರಿ, ಹೊಳೆಯ ನೀರೇ, ಕಾಲು ಗಂಟೆಗೊಮ್ಮೆ ನಾಲ್ಕು ತಂಬಿಗೆ ಚೆಲ್ಲಿ ನಾಲ್ಕು ತಂಬಿಗೆ ಹೊಸದು. ಒಂದಕ್ಕಿಂತ ಹೆಚ್ಚು ಸತ್ತರೆ ಅವಳ ಮುಖ ನೋಡುವ ಹಾಗಿಲ್ಲ.

ಇಷ್ಟಾದರೂ ಎರಡನೇ ವರ್ಷ ಒಂದೇ ಒಂದು ಕುರುಡೆ ಕಚ್ಚಿತು, ಅದೂ ಕಡಿದುಕೊಂಡು ಹೋಯಿತು. ಬ್ರೇಡ್ ಎಷ್ಟೇ ಗಟ್ಟಿ ಇರಲಿ, ಕಲ್ಲಿಗೆ ಅಂಟಿದ ಚಿಪ್ಪಿಗೆ ಉಜ್ಜಿದರೆ ನೂಲಿಗೆ ಸಮ. ಕುರುಡೆಯ ಕಿವಿರಿನ ಮುಚ್ಚಳ ಬೇರೆ ಬ್ಲೇಡಿನ ಹಾಗೆ. ಅಲ್ಲಿಂದೀಚೆಗೆ ತುದಿಗೆ ಅರವತ್ತು ಪೌಂಡು ಎಳೆತ ತಾಳುವ ದಪ್ಪ ಮೊನೊ (ಒಂಟಿ ಎಳೆಯ ದಾರ) ಒಂದು ಮಾರು ಕಟ್ಟದೆ ಹೊಳೆಗೆ ಇಳಿದಿಲ್ಲ.

ಆದರೆ ಅಸಲಿ ತಪ್ಪು ಹೊತ್ತಿನದು. ಫೋನಿನಲ್ಲಿ ಭರತ (ನೀರಿನ ಉಬ್ಬರ) ಎಷ್ಟು ಗಂಟೆಗೆ ಅಂತ ನೋಡಿ ಹೋಗುತ್ತಿದ್ದೆ. ಅದು ತೋರಿಸುವುದು ಕಾರವಾರ ಬಂದರಿನ ಹೊತ್ತು. ಹೊಳೆ ಕಡಲು ಸೇರುವ ತದಡಿಯಲ್ಲಿ ಒಳಗೆ ಹೊಕ್ಕ ನೀರು ಹೆಗಡೆ, ಮಾಸೂರು ಕಡೆ ಏರಿ ಬಂದು ನಿಲ್ಲಲು ಇನ್ನೂ ಮುಕ್ಕಾಲು ಗಂಟೆ ಬೇಕು, ಒಮ್ಮೊಮ್ಮೆ ಒಂದು ಗಂಟೆ. ಗಜನಿಯ, ಅಂದರೆ ಹೊಳೆ ಪಕ್ಕದ ಉಪ್ಪುನೀರಿನ ಗದ್ದೆಯ, ಕಥೆ ಇನ್ನೂ ತಡ. ಹೊಳೆಯ ಮಟ್ಟ ಗಜನಿಯೊಳಗಿನ ನೀರಿಗಿಂತ ಕೆಳಗಿಳಿದ ಮೇಲಷ್ಟೇ ಜಂತ್ರಡಿಯಿಂದ (ಗಜನಿಯ ಕಟ್ಟೆಗೆ ಇಟ್ಟ ನೀರಿನ ಬಾಗಿಲು) ನೀರು ಹೊರಕ್ಕೆ ಹರಿಯುವುದು. ಅಂದರೆ ನಾನು ಬುತ್ತಿ ಕಟ್ಟಿ ಮನೆಗೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ ಶೆಟ್ಲಿ, ಸಣ್ಣ ಮೀನು ಎಲ್ಲ ಹೊರಬಿದ್ದು, ಕುರುಡೆ ಊಟಕ್ಕೆ ಕೂರುತ್ತಿತ್ತು. ಎರಡು ವರ್ಷ ಹೀಗೇ.

ಇದನ್ನು ಕಂಡುಹಿಡಿದದ್ದು ಅತ್ತೆ. ಅವರು ಹೊಳೆಯಲ್ಲಿ ಬಳಚು (ಚಿಪ್ಪಿಕಲ್ಲು) ಆರಿಸಿ ಬದುಕಿದವರು, ತಿಥಿ ಹೇಳಿದರೆ ನೀರು ಹೇಳುತ್ತಾರೆ. ಒಂದು ಸಂಜೆ ನಾನು ಸಾಮಾನು ಕಟ್ಟುವಾಗ ನೀರಿನ ಮೇಲಿನ ಕಸ ತೋರಿಸಿ, "ಎಲೆ ಇನ್ನೂ ಮೇಲ್ಗಡೆಗೇ ಹೋಗ್ತಾ ಉಂಟು, ನೀವು ಯಾವ ಇಳಿತಕ್ಕೆ ಕಾದದ್ದು?" ಅಂದರು. ನಾನು ಫೋನು ಜೇಬಿಗೆ ಹಾಕಿಕೊಂಡೆ.

ಹೋದ ಕಾರ್ತಿಕದಲ್ಲಿ, ಕಗ್ಗ ಭತ್ತದ ಕೊಯ್ಲು ಮುಗಿದು ಗಜನಿಗೆ ನೀರು ಬಿಟ್ಟಮೇಲೆ, ಹುಣ್ಣಿಮೆಗೆ ಮೂರು ದಿನ ಮುಂಚಿನ ಶನಿವಾರ ಹೋದೆವು. ಯಾವ ಜಂತ್ರಡಿ ಅಂತ ಕೇಳಬೇಡಿ. ಗಜನಿ ಗುತ್ತಿಗೆ ಹಿಡಿದವರ ಹತ್ತಿರ ಮೊದಲೇ ಮಾತಾಡಿಕೊಂಡಿದ್ದೆ. ಬಾಗಿಲಿಗೆ ಅವರ ಬಲೆ, ಹೊಳೆಯ ಕಡೆ ಇಪ್ಪತ್ತೈದು ಹೆಜ್ಜೆ ಕೆಳಗೆ ನಾವು, ಸಿಕ್ಕಿದ್ದರಲ್ಲಿ ತಲೆ ಅವರಿಗೆ. ಈ ಮಾತಿಲ್ಲದೆ ರಾತ್ರಿ ಜಂತ್ರಡಿ ಹತ್ತಿರ ಟಾರ್ಚು ಹಿಡಿದು ನಿಂತರೆ ಏನಾಗುತ್ತದೆ ಅಂತ ನಿಮಗೂ ಗೊತ್ತು.

ಫೋನಿನ ಪ್ರಕಾರ ಭರತ ಒಂಬತ್ತರ ಒಳಗೇ ಮುಗಿದಿತ್ತು. ನಮ್ಮಲ್ಲಿ ನೀರು ನಿಂತದ್ದು ಒಂಬತ್ತೂ ಮುಕ್ಕಾಲಿನ ಸುಮಾರಿಗೆ. ಅಷ್ಟೂ ಹೊತ್ತು ದಾರ ನೀರಿಗೆ ಇಳಿಸಲೇ ಇಲ್ಲ. ಚಾಪೆ ಹಾಸಿ ರೊಟ್ಟಿ, ಸುಕ್ಕ ಮೀನಿನ ಚಟ್ನಿ ತಿಂದೆವು, ಮಗಳು ಜೋರಾಗಿಯೇ ಹಾಡಿದಳು. ಹತ್ತೂವರೆಗೆ ಜಂತ್ರಡಿ ಗುಳುಗುಳು ಶುರುವಾಯಿತು. ಹಾಲವಾಣದ ಕಟ್ಟಿಗೆಯಲ್ಲಿ ನಾನೇ ಕೆತ್ತಿದ ತೇಲುಬೆಂಡು (ಥರ್ಮಾಕೋಲು ಗಾಳಿಗೆ ಓಡುತ್ತದೆ, ಇದು ಓಡುವುದಿಲ್ಲ), ಅದರ ಕೆಳಗೆ ಮೊಳದುದ್ದಕ್ಕೆ ಮರಿ. ಎಸೆಯುವುದಿಲ್ಲ, ಕಾಲ ಬುಡದಲ್ಲೇ ಇಳಿಸಿ ಹರಿವಿನ ಅಂಚಿಗೆ ಬಿಡುವುದು. ಹರಿಯುವ ನೀರೂ ನಿಂತ ನೀರೂ ಕೂಡುವ ಗೆರೆ ಇರುತ್ತದಲ್ಲ, ಅಲ್ಲಿ. ಗಾಳವನ್ನು ಎಲ್ಲಿ ಚುಚ್ಚಿದರೆ ಮರಿ ನೀರಿಗೆ ಎದುರು ಈಜುತ್ತದೆ ಅನ್ನುವುದನ್ನು ಮಗಳಿಗೆ ಮಾತ್ರ ಹೇಳಿಕೊಟ್ಟಿದ್ದೇನೆ.

ಮೂರನೇ ಮರಿಗೆ ಕತ್ತಲಲ್ಲಿ "ಬೊಫ್" ಅಂತ ಒಂದು ಸದ್ದು, ಒದ್ದೆ ಗೋಣಿಯನ್ನು ನೀರಿಗೆ ಬಡಿದ ಹಾಗೆ. ಎಳೆಯಲಿಲ್ಲ. ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ ಹಾಕಿದವನು ಎಳೆದರೆ ಕೆಟ್ಟ, ದಾರ ಬಿಗಿಯಾಗಲು ಬಿಟ್ಟರೆ ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ಈ ಬುದ್ಧಿ ಬರಲು ಐದಾರು ಮೀನು ಕಳೆದುಕೊಂಡಿದ್ದೇನೆ. ಮೀನು ಕಾಂಡ್ಲಾ ಕಡೆ ಓಡಿತು, ಒಮ್ಮೆ ಪೂರ್ತಿ ಮೇಲೆ ಹಾರಿ ತಲೆ ಒದರಿತು. ಹೆಂಡತಿಯ ಟಾರ್ಚಿಗೆ ಎರಡು ಕಣ್ಣು ಕೆಂಡದ ಹಾಗೆ ಹೊಳೆದವು. ಹದಿನೈದು ನಿಮಿಷ ಆಗಿರಬೇಕು. ನಾನು ಕೈ ಹಾಕಲು ಹೋಗಿ ಕಿವಿರಿಗೆ ಬೆರಳು ಕುಯ್ಸಿಕೊಂಡೆ, ಅತ್ತೆ ಮೊಣಕಾಲಷ್ಟು ಕೆಸರಿಗೆ ಇಳಿದು ಗೋಣಿಚೀಲ ಮುಚ್ಚಿ ಎತ್ತಿ ತಂದರು. ಹೊಲಿಗೆ ಎರಡು, ಇಂಜೆಕ್ಷನ್ ಸೇರಿ ಆರುನೂರು ರೂಪಾಯಿ.

ಹೆಂಡತಿಯ ಲೆಕ್ಕದಲ್ಲಿ ಮೂರು ವರ್ಷಕ್ಕೆ ಇಪ್ಪತ್ತು ಸಾವಿರ ಖರ್ಚು. ಆ ವಾರ ಕುಮಟೆಯಲ್ಲಿ ಕುರುಡೆ ಕೆ.ಜಿ.ಗೆ ಐನೂರೈವತ್ತರ ಹತ್ತಿರ ಇತ್ತು, ಅಂದರೆ ಮೀನು ಮೂರೂವರೆ ಸಾವಿರದ್ದು. ಅವಳು ಹೇಳದೆ ಬಿಡುವುದು ಏನೆಂದರೆ, ಶಿವರಾತ್ರಿಯೊಳಗೆ ಇನ್ನೂ ಆರು ಸಿಕ್ಕಿವೆ, ಎಲ್ಲ ಸೇರಿ ಇಪ್ಪತ್ತು ಕೆ.ಜಿ. ದಾಟಿದೆ. ಒಂದನ್ನು ಹೊಳೆಗೇ ಬಿಟ್ಟೆ. ಮೊದಲನೆಯದಕ್ಕಿಂತ ದೊಡ್ಡದು, ಗಜಕ್ಕೆ ನಾಲ್ಕು ಬೆರಳು ಕಡಿಮೆ. ಕುರುಡೆ ಚಿಕ್ಕದಿರುವಾಗ ಗಂಡು, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ, ಮಳೆಗಾಲಕ್ಕೆ ಅಳಿವೆ ಬಾಯಿಗೆ ಇಳಿದು ಮೊಟ್ಟೆ ಇಡುವುದು ಅಷ್ಟು ದೊಡ್ಡವೇ. ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಮೊದಲ ಮೀನಿನ ತಲೆ ಮಾತಿನಂತೆ ಗುತ್ತಿಗೆಯವರಿಗೆ ಹೋಯಿತು. ಉಳಿದದ್ದಕ್ಕೆ ಜುಮ್ಮನಕಾಯಿ ಹಾಕಿ ಸಾರು. ಮೂರು ಕೆ.ಜಿ. ಅನ್ನುವ ಆ ಇಬ್ಬರೂ ಮಧ್ಯಾಹ್ನ ಊಟಕ್ಕೆ ಬಂದಿದ್ದರು, ಒಬ್ಬ ಹೊರಡುವಾಗ ಗಾಳಿ ಬಿಡುವ ಯಂತ್ರ ಎಲ್ಲಿ ಸಿಗುತ್ತದೆ ಅಂತ ಮಗಳನ್ನು ಕೇಳಿದ. ಅವಳು "ಗೊತ್ತಿಲ್ಲ ಮಾಮಾ" ಅಂದಳು.