ಗುಜರಿಯಲ್ಲಿ ಸಿಕ್ಕ ವಿಮಾನದ ಸ್ವಿಚ್ಚಿಗೆ ಸರಿಯಾದ ಪಿನ್ ಹುಡುಕುವ ಬಗೆ

ವಿಮಾನದ ಪ್ಯಾನೆಲಿನಿಂದ ಬಿಚ್ಚಿದ ಸ್ವಿಚ್ಚು ಗುಜರಿ ವ್ಯಾಪಾರಿಯ ಕೈಗೆ ಬರುವ ಹೊತ್ತಿಗೆ ಅದರ ಹಿಂಬದಿಯ ವೈರುಗಳನ್ನು ಸಾಮಾನ್ಯವಾಗಿ ಕತ್ತರಿಸಿ ತೆಗೆದಿರುತ್ತಾರೆ. ಸ್ವಿಚ್ಚಿನ ಒಳಗೆ ಎಷ್ಟೋ ವೇಳೆ ಯಾವ ದೋಷವೂ ಇರುವುದಿಲ್ಲ, ಒತ್ತಿದರೆ ಗಟ್ಟಿಯಾಗಿ ಕ್ಲಿಕ್ ಎನ್ನುತ್ತದೆ. ಆದರೆ ಹಿಂದಿನ ಸಣ್ಣ ತೂತುಗಳಿಗೆ ಹೊಂದುವ ಪಿನ್ ಇಲ್ಲದಿದ್ದರೆ ಅದನ್ನು ಯಾವುದಕ್ಕೂ ಜೋಡಿಸಲಾಗದು. ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಕಟ್ಟುವವರಿಗೂ, ಕಾಲೇಜಿನ ಪ್ರದರ್ಶನಕ್ಕಾಗಿ ಕಾಕ್‌ಪಿಟ್ ಮಾದರಿ ಮಾಡುವ ವಿದ್ಯಾರ್ಥಿಗಳಿಗೂ ಈ ಬರಹ ಉಪಯೋಗಕ್ಕೆ ಬರಬಹುದು. ಒಂದು ಮಾತನ್ನು ಮೊದಲೇ ಹೇಳಬೇಕು: ಪ್ರಮಾಣಪತ್ರವಿಲ್ಲದ ಇಂಥ ಬಿಡಿಭಾಗವನ್ನು ಹಾರುವ ವಿಮಾನಕ್ಕೆ ಮತ್ತೆ ಅಳವಡಿಸುವಂತಿಲ್ಲ. ಇಲ್ಲಿರುವುದೆಲ್ಲ ನೆಲದ ಮೇಲಿನ ಉಪಯೋಗಕ್ಕೆ ಮಾತ್ರ.

ನಾನು ಈ ಕೆಲಸಕ್ಕೆ ಕೈಹಾಕಿದ ಹೊಸದರಲ್ಲಿ ಒಂದು ಒಳ್ಳೆಯ ಸ್ವಿಚ್ಚನ್ನು ಕಳೆದುಕೊಂಡೆ. ತೂತನ್ನು ಅಳೆದಾಗ ಪಿನ್ನಿನ ವ್ಯಾಸ ಸುಮಾರು 1 ಮಿ.ಮೀ. ಇರಬೇಕೆಂದು ತಿಳಿದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಡಿ-ಸಬ್ ಕನೆಕ್ಟರಿನ (ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿರುವಂಥದ್ದು) ಕ್ರಿಂಪ್ ಪಿನ್ನುಗಳು, ಎಂದರೆ ಬೆಸುಗೆಯಿಲ್ಲದೆ ವೈರಿಗೆ ಒತ್ತಿ ಕೂಡಿಸುವ ಪಿನ್ನುಗಳು, ಅದೇ ದಪ್ಪದಲ್ಲಿ ಸಿಕ್ಕವು. ಅವು ಒಳಗೆ ಹೋದವು, ವಿದ್ಯುತ್ತೂ ಹರಿಯಿತು, ಆದರೆ ಬೀಗ ಬೀಳಲಿಲ್ಲ. ವೈರು ಎಳೆದಾಗಲೆಲ್ಲ ಹೊರಬರುತ್ತಿದ್ದ ಪಿನ್ನನ್ನು ಇಕ್ಕುಳದಿಂದ ಒತ್ತಿ ಒತ್ತಿ, ಪಿನ್ನನ್ನು ಹಿಡಿದಿಡುವ ಒಳಗಿನ ಹಿಡಿಕೆಯನ್ನೇ ಮುರಿದೆ. ಪಿನ್ನನ್ನು ಹಿಡಿದಿಡುವುದು ಅದರ ತುದಿಯ ದಪ್ಪವಲ್ಲ, ನಡುವಿನ ಭುಜದ, ಎಂದರೆ ಉಬ್ಬಿದ ಭಾಗದ, ಆಕಾರ ಮತ್ತು ಉದ್ದ. ಆದ್ದರಿಂದ ಕಣ್ಣಂದಾಜಿನಿಂದಾಗಲಿ ಬರೀ ವ್ಯಾಸದಿಂದಾಗಲಿ ಪಿನ್ ಕೊಳ್ಳಬಾರದು, ಅದರ ಭಾಗಸಂಖ್ಯೆ ತಿಳಿದೇ ಕೊಳ್ಳಬೇಕು.

ಮೈಮೇಲಿನ ಬರಹ

ಸ್ವಿಚ್ಚನ್ನು ಒಣ ಬ್ರಷ್ಷಿನಿಂದ ಒರೆಸಿ, ಓರೆ ಬೆಳಕಿನಲ್ಲಿ ಹಿಡಿದು, ಭೂತಗನ್ನಡಿಯಿಂದ ಎಲ್ಲ ಬದಿಗಳನ್ನೂ ಓದಿ, ಫೋಟೊ ತೆಗೆದಿಟ್ಟುಕೊಳ್ಳಿ. ಮರಳು ಕಾಗದದಿಂದ ಉಜ್ಜಬೇಡಿ. ಹಳೆಯ ಲೋಹದ ಕವಚಗಳಿಗೆ ಕ್ಯಾಡ್ಮಿಯಂ ಲೇಪ ಇರುವುದುಂಟು, ಅದರ ಪುಡಿ ವಿಷಕಾರಿ. ತುದಿಗೆ ಹಳದಿ ಬಣ್ಣ ಮೆತ್ತಿದ ತೀರ ಹಳೆಯ ಟಾಗಲ್ (ಸಣ್ಣ ಕಡ್ಡಿಯನ್ನು ಆಚೀಚೆ ಸರಿಸುವ ಸ್ವಿಚ್ಚು) ಆಗಿದ್ದರೆ ಆ ಬಣ್ಣದಲ್ಲಿ ರೇಡಿಯಂ ಇರಬಹುದು, ಅದನ್ನು ಕೆರೆಯಲೇಬಾರದು.

ಮೈಮೇಲೆ ಎಂಎಸ್24523, ಎಂಎಸ್24524, ಎಂಎಸ್24525 ಎಂಬಂಥ ಸಂಖ್ಯೆ ಇದ್ದರೆ ಅದು ಅಮೆರಿಕದ ಸೇನಾ ಮಾನದಂಡದ ಟಾಗಲ್. ಐದು ಅಕ್ಷರಾಂಕಗಳ ಪ್ರತ್ಯೇಕ ಸಂಕೇತವಿದ್ದರೆ ಅದು ತಯಾರಕರ ಗುರುತು: 91929 ಎಂದರೆ ಹನಿವೆಲ್‌ನ ಮೈಕ್ರೊ ಸ್ವಿಚ್. 5ಸಿ ಅಥವಾ 5ಸಿಡಬ್ಲ್ಯೂ ಎಂದು ಆರಂಭವಾಗಿ ಓರೆಗೆರೆಯ ನಂತರ ಅಂಕಿ ಬಂದರೆ ಅದು ಬ್ರಿಟಿಷ್ ವಾಯುಪಡೆಯ ದಾಸ್ತಾನು ಸಂಖ್ಯೆ. ಬ್ರಿಟಿಷ್ ವಿನ್ಯಾಸದ ನ್ಯಾಟ್ ಯುದ್ಧವಿಮಾನ ಪರವಾನಗಿಯಡಿ ಎಚ್‌ಎಎಲ್‌ನಲ್ಲೇ ತಯಾರಾಗುತ್ತಿದ್ದ ಈ ಊರಿನಲ್ಲಿ ಬ್ರಿಟಿಷ್ ಸ್ವಿಚ್ಚು ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ರಷ್ಯನ್ ಲಿಪಿಯಲ್ಲಿ ಎಜೆಡ್‌ಎಸ್-5, ಎಜೆಡ್‌ಎಸ್-10 ಎಂದಿದ್ದರೆ ಅದು ಸೋವಿಯತ್ ವಿಮಾನಗಳ ಸರ್ಕ್ಯೂಟ್ ಬ್ರೇಕರ್ ಸ್ವಿಚ್, ಕೊನೆಯ ಅಂಕಿ ಆಂಪಿಯರ್.

ಹಿಂಬದಿಯಲ್ಲಿ ಸ್ಕ್ರೂ ಇದ್ದರೆ ಪಿನ್ನಿನ ಗೊಡವೆಯೇ ಇಲ್ಲ, ವೈರಿನ ತುದಿಗೆ ಒತ್ತುವ, ಅಳತೆಗೆ ತಕ್ಕ ಉಂಗುರದ ಥಿಂಬಲ್ ಸಾಕು. ಎಜೆಡ್‌ಎಸ್ ಅಂಥದ್ದು. ಬೆಸುಗೆಯ ಕಿವಿಗಳಿದ್ದರೂ ಕೆಲಸ ಸುಲಭ. ಹಿಂಬದಿಯಿಂದ ಪಿನ್ನುಗಳೇ ಹೊರಚಾಚಿದ್ದರೆ ನಿಮಗೆ ಬೇಕಾದದ್ದು ಸಾಕೆಟ್, ಮತ್ತು ಅದನ್ನು ಹಿಡಿದಿಡುವ ಜೋಡಿ ಪ್ಲಗ್ಗು. ತಲೆನೋವು ತರುವುದು ಬರೀ ತೂತುಗಳಿರುವ ಬಗೆ.

ತೂತುಗಳ ಒಳಗೆ

ತೂತಿನಲ್ಲಿ ಕತ್ತರಿಸಿದ ವೈರಿನ ತುಂಡು ಉಳಿದಿದ್ದರೆ ಅದನ್ನು ನಿಧಿಯಂತೆ ಕಾಪಾಡಿ. ಎಳೆದು ಕೀಳಬೇಡಿ. ಪಿನ್ ತೆಗೆಯುವ ಪ್ಲಾಸ್ಟಿಕ್ ಉಪಕರಣದ ಬಿಳಿ ತುದಿಯನ್ನು ವೈರಿಗೆ ಸಿಕ್ಕಿಸಿ, ನೇರವಾಗಿ ಒಳಗೆ ತಳ್ಳಿ, ಒಳಗಿನ ಹಿಡಿಕೆ ಪಿನ್ನನ್ನು ಬಿಟ್ಟಾಗ ವೈರನ್ನೂ ಉಪಕರಣವನ್ನೂ ಒಟ್ಟಿಗೆ ಹೊರಗೆಳೆಯಿರಿ. ಬಂದ ಪಿನ್ನಿನ ಮೇಲೆ ಮೂರು ಬಣ್ಣದ ಪಟ್ಟಿಗಳಿದ್ದರೆ ಅರ್ಧ ಕೆಲಸ ಮುಗಿದಂತೆ. ಅಮೆರಿಕದ 39029 ಮಾನದಂಡದ ಪಿನ್ನುಗಳಲ್ಲಿ ಭಾಗಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಒಂದೊಂದು ಅಂಕಿಗೆ ಒಂದೊಂದು ಬಣ್ಣವಿರುವ ರೆಸಿಸ್ಟರಿನ ಬಣ್ಣಸಂಕೇತದಲ್ಲೇ ಬರೆದಿರುತ್ತಾರೆ. ಕಿತ್ತಳೆ, ನೀಲಿ, ಕಪ್ಪು ಎಂದರೆ 360, ಅಂದರೆ ಎಂ39029/58-360. ಕಂದು, ಕಪ್ಪು, ಕಂದು ಎಂದರೆ 101, ಅಂದರೆ ಎಂ39029/1-101. ಕಂದು, ಬಿಳಿ, ಕೆಂಪು ಎಂದರೆ 192, ಅಂದರೆ ಎಂ39029/22-192. ಪಟ್ಟಿಗಳನ್ನು ಎರಡೂ ದಿಕ್ಕಿನಿಂದ ಓದಿ, ಯಾವ ಸಂಖ್ಯೆಯ ನಕಾಶೆ ನಿಮ್ಮ ಪಿನ್ನಿನ ಆಕಾರಕ್ಕೆ ಹೊಂದುತ್ತದೆ ಎಂದು ನೋಡಿ ಖಚಿತಪಡಿಸಿಕೊಳ್ಳಿ.

ಹಿಂಬದಿಗೆ ನೇರವಾಗಿ ಪಿನ್ ಚುಚ್ಚುವ ಟಾಗಲ್‌ಗಳಲ್ಲಿ ಎಂ39029/1-101 ಸಾಮಾನ್ಯ. ಅದರ ಹಳೆಯ ಹೆಸರು ಎಂಎಸ್27490-20, ಹಳೆಯ ಪಟ್ಟಿಗಳಲ್ಲಿ ಹಾಗೆಯೇ ಕಾಣಿಸುತ್ತದೆ. ಇದೂ ಎಂ39029/22-192 ಕೂಡ 20ನೇ ಗಾತ್ರದವೇ, ಎಂದರೆ ತುದಿ ಸುಮಾರು 1 ಮಿ.ಮೀ. ದಪ್ಪದವು. ಆದರೆ ಮೊದಲು ಹೇಳಿದ್ದು ಟರ್ಮಿನಲ್ ಜಂಕ್ಷನ್‌ಗಳ (ಹಲವು ವೈರುಗಳನ್ನು ಒಟ್ಟಿಗೆ ಕೂಡಿಸುವ ಬಿಲ್ಲೆಗಳು) ಮೊದಲ ಸರಣಿಗೆ, ಇನ್ನೊಂದು ಎರಡನೆಯ ಸರಣಿಗೆ ಸೇರಿದ್ದು, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ನನ್ನ ಕೈ ಸುಟ್ಟ ಡಿ-ಸಬ್ ಪಿನ್ ಎಂ39029/64-369 ಕೂಡ 20ನೇ ಗಾತ್ರದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಒಂದು ಪಿನ್ನೂ ಉಳಿದಿರದಿದ್ದರೆ ಅಳತೆಯಿಂದ ಆರಂಭಿಸಬೇಕು. ಹಿಂಬದಿಯ ರಬ್ಬರಿನ ತೂತು ಕುಗ್ಗಿರುವುದರಿಂದ ಅದನ್ನು ನೋಡಿ ತೀರ್ಮಾನಿಸಬೇಡಿ. ಸರ್ಕ್ಯೂಟ್ ಬೋರ್ಡ್ ಕೊರೆಯುವ ಸಣ್ಣ ಡ್ರಿಲ್ ಬಿಟ್ಟುಗಳಲ್ಲಿ ಹಿಂಬದಿಯ ನುಣುಪು ಕಾಂಡ ಸಣ್ಣದಿರುವಂಥವನ್ನು ಆರಿಸಿ, ಕಾಂಡದ ಕಡೆಯಿಂದ, ಒತ್ತಡ ಹಾಕದೆ, ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತ ಇಳಿಸಿ ನೋಡಿ. ಪಿನ್ನಿನ ತುದಿಯ ವ್ಯಾಸ 22ಡಿ ಗಾತ್ರದಲ್ಲಿ 0.76 ಮಿ.ಮೀ., 20ರಲ್ಲಿ 1.02, 16ರಲ್ಲಿ 1.59, 12ರಲ್ಲಿ 2.39 ಮಿ.ಮೀ. ಇರುತ್ತದೆ. ಗಾತ್ರದ ಸಂಖ್ಯೆ ಚಿಕ್ಕದಾದಷ್ಟೂ ಪಿನ್ ದಪ್ಪ. ಗಾತ್ರ ತಿಳಿದ ಮೇಲೆ ಸ್ವಿಚ್ಚಿನ ಸಂಖ್ಯೆಯನ್ನು ಹಿಡಿದು ತಯಾರಕರ ಕ್ಯಾಟಲಾಗಿನಲ್ಲಿ ಹುಡುಕಿ. ಒತ್ತುವ ದೀಪದ ಸ್ವಿಚ್ಚುಗಳಲ್ಲಿ ಕೆಲವಕ್ಕೆ ತಯಾರಕರದೇ ವಿಶೇಷ ಪಿನ್ ಇರುವುದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ.

ಎಲ್ಲಿ ಕೊಳ್ಳುವುದು

ಎಸ್.ಪಿ. ರಸ್ತೆಯಲ್ಲಿ ಡ್ರಿಲ್ ಬಿಟ್, ಮಲ್ಟಿಮೀಟರ್, ಥಿಂಬಲ್, ಡಿ-ಸಬ್ ಎಲ್ಲ ಸಿಗುತ್ತವೆ. 39029ರ ಪಿನ್ನುಗಳನ್ನು ಅಲ್ಲಿ ಹುಡುಕುತ್ತ ದಿನ ಕಳೆಯುವುದಕ್ಕಿಂತ ಎಲಿಮೆಂಟ್14, ಮೌಸರ್, ಡಿಜಿಕೀ ಮುಂತಾದ ಅಧಿಕೃತ ವಿತರಕರ ಜಾಲತಾಣದಲ್ಲಿ ಪೂರ್ಣ ಭಾಗಸಂಖ್ಯೆ ಕೊಟ್ಟು ಹುಡುಕುವುದು ಲೇಸು. ಎಂ ಬದಲು ಎಎಸ್39029 ಎಂದೂ ಹುಡುಕಿ, ಈ ಮಾನದಂಡ ಈಗ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಎಸ್‌ಎಇ ಸಂಸ್ಥೆಯ ಕೈಯಲ್ಲಿದೆ. ಬೇಕಾದದ್ದಕ್ಕಿಂತ ನಾಲ್ಕೈದು ಹೆಚ್ಚೇ ತರಿಸಿ, ಮೊದಲ ಕೆಲವು ಕ್ರಿಂಪ್ ಕಲಿಕೆಗೇ ಹೋಗುತ್ತವೆ. ಪೀಣ್ಯದ ಕಡೆ ಕೇಬಲ್ ಹಾರ್ನೆಸ್ ಕಟ್ಟುವ ಘಟಕದವರ ಪರಿಚಯವಿದ್ದರೆ ಉಳಿದ ಪಿನ್ನುಗಳಿಗಾಗಿ ವಿಚಾರಿಸಿ. ಅದಕ್ಕಿಂತ ಮುಖ್ಯವಾಗಿ, ಅವರ ಕ್ರಿಂಪಿಂಗ್ ಉಪಕರಣದಿಂದಲೇ ವೈರು ಕೂಡಿಸಿಕೊಡಲು ಕೇಳಿಕೊಳ್ಳಿ.

ಹೀಗೆ ಹೇಳಲು ಕಾರಣ ಉಪಕರಣದ ಬೆಲೆ. ಸಣ್ಣ ಪಿನ್ನುಗಳಿಗೆ ಎಂ22520/2-01 ಎಂಬ ನಾಲ್ಕು ಕಡೆಯಿಂದ ಒತ್ತುವ ಇಕ್ಕುಳವೂ, ಪಿನ್ನನ್ನು ಇಕ್ಕುಳದೊಳಗೆ ಸರಿಯಾದ ಆಳದಲ್ಲಿ ನಿಲ್ಲಿಸುವ, ಪಿನ್ನಿಗೆ ತಕ್ಕ ಪೊಸಿಷನರ್ ಕೂಡ ಬೇಕು. ಎಂ39029/58-360ಕ್ಕೆ ಹೊಂದುವುದು ಎಂ22520/2-09, ಅದನ್ನು ಕೆ42 ಎಂದೂ ಕರೆಯುತ್ತಾರೆ. ಥಿಂಬಲ್ ಒತ್ತುವ ಸಾಮಾನ್ಯ ಇಕ್ಕುಳದಿಂದ ಪಿನ್ ಚಪ್ಪಟೆಯಾಗಿ ತೂತಿಗೆ ಹೋಗುವುದೇ ಇಲ್ಲ. ಬೆಸುಗೆ ಹಾಕಿದರೆ ಸೀಸ ಹೊರಗೆ ಹರಿದು ಭುಜದ ಆಕಾರ ಕೆಡುತ್ತದೆ.

ವೈರು 22ಡಿ ಪಿನ್ನಿಗೆ 22ರಿಂದ 28 ಗೇಜ್ (ಅಮೆರಿಕದ ವೈರ್ ಅಳತೆ, ಎಡಬ್ಲ್ಯೂಜಿ), 20ನೇ ಗಾತ್ರಕ್ಕೆ 20ರಿಂದ 24 ಗೇಜ್ ಇರಲಿ. ಪಿವಿಸಿ ಹೊದಿಕೆ ದಪ್ಪವಾದ್ದರಿಂದ ತೂತಿನಲ್ಲಿ ಸಿಕ್ಕಿಕೊಳ್ಳಬಹುದು, ತೆಳುವಾದ ಟೆಫ್ಲಾನ್ ಅಥವಾ ಟೆಫ್‌ಜೆಲ್ ವೈರು ಒಳ್ಳೆಯದು. ಕ್ರಿಂಪ್ ಆದ ಮೇಲೆ ಪಿನ್ನಿನ ಬದಿಯ ತಪಾಸಣೆ ರಂಧ್ರದಲ್ಲಿ ತಾಮ್ರದ ಎಳೆ ಕಾಣಿಸಲೇಬೇಕು. ಉಪಕರಣದ ಬಣ್ಣದ ತುದಿಯಿಂದ ಪಿನ್ನನ್ನು ನೇರವಾಗಿ ತಳ್ಳಿ. 20ಕ್ಕೆ ಕೆಂಪು, 22ಡಿಗೆ ಹಸಿರು, 16ಕ್ಕೆ ನೀಲಿ. ಬೀಗ ಬಿದ್ದದ್ದು ಬೆರಳಿಗೆ ತಿಳಿಯುತ್ತದೆ. ಅನಂತರ ವೈರನ್ನು ಮೆಲ್ಲಗೆ ಎಳೆದು ನೋಡಿ. ಹೊರಬಂದರೆ ಮತ್ತೆ ಒತ್ತಬೇಡಿ, ಪಿನ್ನಿನ ಸಂಖ್ಯೆಯನ್ನು ಮತ್ತೊಮ್ಮೆ ಪರಿಶೀಲಿಸಿ.

ಕೊನೆಗೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಸ್ವಿಚ್ಚಿನ ಪ್ರತಿ ಸ್ಥಿತಿಯಲ್ಲೂ ಯಾವ ಎರಡು ತೂತುಗಳು ಕೂಡುತ್ತವೆ ಎಂದು ಚಿತ್ರ ಬರೆದಿಟ್ಟುಕೊಳ್ಳಿ. ದೀಪವಿರುವ ಸ್ವಿಚ್ಚಾದರೆ ಬಲ್ಬಿನ ಜೋಡಿಯನ್ನು ಬೇರೆಯಾಗಿ ಗುರುತಿಸಿ. 327 ಅಥವಾ 387 ಎಂಬ ಬಲ್ಬುಗಳು 28 ವೋಲ್ಟ್, 40 ಮಿಲಿಆಂಪಿಯರಿನವು, ಸಿಮ್ಯುಲೇಟರ್ ಬೋರ್ಡಿನ 5 ವೋಲ್ಟಿಗೆ ಉರಿಯುವುದಿಲ್ಲ. ಅವಕ್ಕೆ ಪ್ರತ್ಯೇಕ ಸಪ್ಲೈ ಕೊಡಿ, ಅದರ ವೈರುಗಳಿಗೆ ಬೇರೆ ಬಣ್ಣ ಬಳಸಿ.