ಕಾಂಪೌಂಡಿನ ಹಳದಿ ಗಿಡ ಯಾವುದು ಅಂತ ಪತ್ತೆ ಮಾಡಿದ್ದು

ಮೈಸೂರಿನಲ್ಲಿ ಪಾರ್ಕು, ಡಿವೈಡರ್, ಆಫೀಸಿನ ಗೇಟು, ಎಲ್ಲಿ ನೋಡಿದರೂ ಹಳದಿ ಎಲೆಯ ಕುಳ್ಳ ಗಿಡಗಳು. ಹೆಸರು ಕೇಳಿದರೆ ‘ಗೋಲ್ಡನ್’ ಅನ್ನುತ್ತಾರೆ, ಅಷ್ಟೇ. ಕುವೆಂಪುನಗರದ ನಮ್ಮ ಮನೆಯ ಕಾಂಪೌಂಡಿಗೂ ಹಿಂದೆ ಇದ್ದವರು ಅಂಥದ್ದೇ ಒಂದು ಸಾಲು ಹಾಕಿಸಿದ್ದರು. ಅಕ್ಕನ ಮಗುವಿಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಗಿಡ ಯಾವುದು ಅಂತ ತಿಳಿಯಲೇಬೇಕಿತ್ತು.

ಬಣ್ಣ ನಂಬೋ ಹಾಗಿಲ್ಲ. ನಮ್ಮ ಸಾಲಿನಲ್ಲೇ ಮಾವಿನ ನೆರಳಿಗೆ ಸಿಕ್ಕಿದ ಗಿಡಗಳು ಹಸಿರಾಗಿಬಿಟ್ಟಿದ್ದವು. ಅದಕ್ಕೇ ಒಂದು ಎಲೆ ಕಿತ್ತು ನೋಡಿದೆ. ಹಾಲು ಬರಲಿಲ್ಲ. ಅಲ್ಲಿಗೆ ಗೋಲ್ಡನ್ ಫೈಕಸ್ ಅಲ್ಲ. ಅದು ಆಲ, ಅರಳಿಯ ಬಳಗ, ಕಿತ್ತರೆ ಬಿಳಿ ಹಾಲು ಜಿನುಗುತ್ತದೆ. ಎಲೆ ಉಜ್ಜಿ ಮೂಸಿದೆ, ಎಣ್ಣೆಯ ವಾಸನೆಯೂ ಇಲ್ಲ. ಗೋಲ್ಡನ್ ಬಾಟಲ್ ಬ್ರಷ್ ಅಂತ ಮಾರುವ ಮೆಲಲೂಕಾಗೆ ಆ ವಾಸನೆ ಇರುತ್ತದೆ, ಎಲೆಯೂ ತೀರಾ ಕಿರಿದು. ನಮ್ಮದರಲ್ಲಿ ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು. ಅಂಚಿನ ಹಲ್ಲು ಮಾತ್ರ ತುದಿಯ ಕಡೆಗಷ್ಟೇ. ಡುರಾಂಟಾ ಅನ್ನೋ ಬೇಲಿ ಗಿಡ ಇರಬೇಕು ಅನ್ನಿಸಿತು.

ಆದರೆ ಹೂವು ನೋಡದೆ ಗಟ್ಟಿಯಾಗಿ ಹೇಳೋದು ಹೇಗೆ? ಬೇಲಿ ಗಿಡಕ್ಕೆ ಕತ್ತರಿ ಬೀಳುತ್ತಲೇ ಇರುತ್ತದೆ, ಹೂ ಬಿಡುವ ತುದಿಯೇ ಉಳಿಯಲ್ಲ. ಹಾಗಾಗಿ ಮೂಲೆಯ ಒಂದು ಗಿಡಕ್ಕೆ ದಾರ ಕಟ್ಟಿ, ಇದನ್ನು ಮುಟ್ಟಬೇಡಿ ಅಂತ ಮಾಲಿಗೆ ಹೇಳಿದೆ. ಮಳೆಗಾಲ ಬಂತು. ರೆಂಬೆಗಳು ಉದ್ದ ಬೆಳೆದು ಬಾಗಿದವು. ತುದಿಯಲ್ಲಿ ತಿಳಿ ನೇರಳೆ ಹೂವಿನ ಗೊಂಚಲು, ಒಂದೊಂದು ಹೂವಿಗೂ ಐದೈದು ಎಸಳು. ಆಮೇಲೆ ಕಿತ್ತಳೆ ಬೆರೆತ ಹಳದಿ ಕಾಯಿ. ಹೂವಿನ ಬುಡದ ಬಟ್ಟಲೇ ಬೆಳೆದು ಕಾಯನ್ನು ಸುತ್ತಲೂ ಮುಚ್ಚಿತ್ತು, ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗಿತ್ತು. ಎಷ್ಟು ಚೆಂದ ಗೊತ್ತಾ! ಅದನ್ನು ಕಂಡ ಮೇಲೆ ಅನುಮಾನ ಉಳಿಯಲಿಲ್ಲ. ಡುರಾಂಟಾ ಎರೆಕ್ಟಾ. ಲಂಟಾನಾದ ಕುಟುಂಬದ್ದೇ, ಮೂಲ ಅಮೆರಿಕ ಖಂಡದ ಬಿಸಿ ನಾಡುಗಳು.

ಈ ಕಾಯಿ ವಿಷ. ಹಕ್ಕಿಗಳು ತಿನ್ನುತ್ತವೆ, ಅವಕ್ಕೇನೂ ಆಗಲ್ಲ. ಮಕ್ಕಳಿಗೆ, ನಾಯಿಗೆ ಅಪಾಯ. ಗೊಂಚಲುಗಳನ್ನು ಆಗಲೇ ಕತ್ತರಿಸಿ ತೆಗೆದೆ, ದಾರವನ್ನೂ ಬಿಚ್ಚಿದೆ. ಬೇಲಿ ಇರಲಿ, ಹೂ ಬಿಡದ ಹಾಗೆ ಸವರುತ್ತಿರಿ ಅಂತ ಮಾಲಿಗೆ ಹೇಳಿದ್ದೇನೆ. ನಿಮ್ಮ ಬೀದಿಯಲ್ಲೂ ಇದೇ ಗಿಡ ಇದ್ದರೆ, ಸವರಿದ ಸೊಪ್ಪನ್ನು ಸುಮ್ನೆ ಹಸು ಓಡಾಡುವ ಕಡೆ ರಾಶಿ ಹಾಕಬೇಡಿ. ಎಲೆಯೂ ಅವಕ್ಕೆ ಆಗುವುದಿಲ್ಲ.